ಮರಳಿ ಬಾರದ ಎರಡು ವರ್ಷ

ನಮ್ಮ ಕಾಕಾನ ತಗಡಿನ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರಿದೆ. ಪಹಣಿ, ಸೊಸೈಟಿಯ ಪಾಸ್‌ಬುಕ್ಕು, ನೀರಿನ ಕರದ ರಸೀದಿ, ಅಜ್ಜನ ಮರಣ ಪತ್ರ, ಇವುಗಳ ನಡುವೆ ನಾಲ್ಕು ಮಡಿಕೆಯ ಒಂದು ಕಾಗದ. ಬಿಡಿಸಿದರೆ ಎರಡೂ ಕಡೆ ಬೆಳ್ಳಗೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೇಲ್ಗಡೆ ಒಂದೆರಡು ಅಕ್ಷರ ಇದ್ದಂತೆ ತೋರುತ್ತದೆ, ಅಷ್ಟೇ. ಗಂಗಾವತಿಯ ಗೊಬ್ಬರದಂಗಡಿಯೊಂದರಲ್ಲಿ ಭತ್ತದ ಬೀಜ ಕೊಂಡ ಬಿಲ್ಲು ಅದು. ಮಷೀನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಬಿಸಿಗೆ ಮೂಡುವಂಥದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬೇಗ ಅಳಿಯುವಂಥದು. ಜೋಪಾನವಾಗಿರಲಿ ಎಂದು ಕಾಕಾ ಅದನ್ನು ಪ್ಲಾಸ್ಟಿಕ್ಕಿನಲ್ಲೇ ಇಟ್ಟಿದ್ದ. ಜೊತೆಗೆ ಬೀಜದ ಚೀಲದಿಂದ ಬಿಚ್ಚಿ ತೆಗೆದ ಹಸಿರು ಲೇಬಲ್ ಒಂದಿದೆ. ಅದರ ಮೇಲಿನ ಲಾಟ್ ನಂಬರು ಇಂದಿಗೂ ಓದಲು ಬರುತ್ತದೆ.

ನಮ್ಮೂರು ಮರಳಿ, ಗಂಗಾವತಿ ತಾಲ್ಲೂಕಿನ ಹೋಬಳಿ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆ ಭತ್ತದ ಸೀಮೆಯಾಯಿತು. ಡ್ಯಾಂ ತುಂಬಿದ ವರ್ಷ ಎರಡು ಬೆಳೆ, ತುಂಬದ ವರ್ಷ ಒಂದೇ. ಬಡಗಲ ಕಡೆ ಕುಷ್ಟಗಿ, ಯಲಬುರ್ಗಾದವರಿಗೆ ಆ ಭಾಗ್ಯವೂ ಇಲ್ಲ. ಮಳೆ ನಂಬಿ ಸಜ್ಜೆ, ಜೋಳ, ಕಡಲೆ. ಆದರೆ ನೀರಾವರಿಯಾಗಲಿ ಮಳೆಯಾಶ್ರಯವಾಗಲಿ, ಬಿತ್ತನೆಗೆ ಮುಂಚೆ ಎಲ್ಲರೂ ಹತ್ತುವುದು ಗೊಬ್ಬರದಂಗಡಿಯ ಮೆಟ್ಟಿಲನ್ನೇ. ಬೀಜ, ಗೊಬ್ಬರ, ಎಣ್ಣೆ ಮೂರೂ ಅಲ್ಲಿಯೇ, ಮೂರೂ ಉದ್ರಿ. ಸುಗ್ಗಿಯಾದ ಮೇಲೆ ಲೆಕ್ಕ.

ಆ ವರ್ಷ ಕಾಕಾನ ಗದ್ದೆಯಲ್ಲಿ ನಾಟಿಯೇನೋ ಚೆಂದವಾಗಿ ಹತ್ತಿತು. ದೀಪಾವಳಿಯ ಹೊತ್ತಿಗೆ ನೋಡಿದರೆ ಒಂದೇ ಮಡಿಯಲ್ಲಿ ಮೂರು ಎತ್ತರದ ಪೈರು. ಕೆಲವು ತೆನೆ ಬಾಗಿ ಬಣ್ಣಕ್ಕೆ ತಿರುಗಿವೆ, ಕೆಲವು ಈಗಷ್ಟೇ ಹೊಡೆ ಒಡೆಯುತ್ತಿವೆ, ಇನ್ನು ಕೆಲವು ತೆನೆಯ ಸುದ್ದಿಯೇ ಇಲ್ಲದೆ ಹಸಿರಾಗಿ ನಿಂತಿವೆ. ಬೀಜ ಬೆರಕೆ. ಕೊಯ್ಯಲು ಕಾದರೆ ಮೊದಲಿನದು ಉದುರುತ್ತದೆ, ಕಾಯದೆ ಕೊಯ್ದರೆ ಅರ್ಧ ಜೊಳ್ಳು. ಕಾಕಾ ಒಂದು ಹಿಡಿ ಪೈರು ಕಿತ್ತುಕೊಂಡು ಅಂಗಡಿಗೆ ಹೋದ. ಸಾಹುಕಾರರು ಸಿಟ್ಟಾಗಲಿಲ್ಲ, ಕೂಡಿಸಿ ಚಹಾ ತರಿಸಿದರು. "ಕಂಪನಿ ಕಡೆಯವ್ರಿಗೆ ಹೇಳೇನಿ, ಬರ್ತಾರ. ಸ್ವಲ್ಪ ತಡೀರಿ ಯಜಮಾನ್ರ" ಅಂದರು. ಕಂಪನಿಯವರು ಬಂದರು ಕೂಡ. ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು, ಮೇಲಿನವರಿಗೆ ಕಳಿಸುತ್ತೇವೆ ಎಂದು ಹೋದರು. ಅದೇ ಮೊದಲು, ಅದೇ ಕಡೆ.

ಆಮೇಲೆ ಕಾಯುವ ಕೆಲಸ. ಬೇಸಿಗೆ ಬೆಳೆಗೆ ಮತ್ತೆ ಅದೇ ಅಂಗಡಿ, ಏಕೆಂದರೆ ಹಳೇ ಬಾಕಿ ಅಲ್ಲಿಯೇ ಇದೆ. ಮುಂಗಾರಿಗೂ ಅಲ್ಲಿಯೇ. ಹೋದಾಗಲೆಲ್ಲ ಒಂದು ಮಾತು ಕೇಳುವುದು, "ಮುಂದಿನ ತಿಂಗಳು ಒಂದು ದಾರಿ ಮಾಡ್ತೀವಿ" ಎಂಬ ಉತ್ತರ ತರುವುದು. ಹೀಗೆ ಎರಡು ದೀಪಾವಳಿ ದಾಟಿ ಹೋಳಿ ಹುಣ್ಣಿಮೆ ಬಂತು. ಆಗ ಸಾಹುಕಾರರು, ಕಂಪನಿಯವರು ಒಪ್ಪಲಿಲ್ಲ, ನನ್ನ ಕೈಯಾಗೇನೂ ಇಲ್ಲ ಎಂದು ಹೇಳಿಬಿಟ್ಟರು. ಮರುವಾರವೇ ಕಾಕಾನ ಜೊತೆ ನಾನೂ ಕೊಪ್ಪಳಕ್ಕೆ, ವಕೀಲರೊಬ್ಬರ ಬಳಿ ಹೋದೆ.

ವಕೀಲರು ಬೀಜದ ಹೆಸರು ಕೇಳಲಿಲ್ಲ, ಎಷ್ಟು ಎಕರೆ ಎಂದೂ ಕೇಳಲಿಲ್ಲ. ಮೊದಲು ಕೇಳಿದ್ದು, "ಯಾವ ತಾರೀಖು?"

"ದೀಪಾವಳಿ ಹಿಂದುಮುಂದ ತೆನಿ ಬಂದಿತ್ರಿ."

"ಯಾವ ವರ್ಷದ ದೀಪಾವಳಿ ಯಜಮಾನ್ರ?"

ಕಾಕಾ ಬೆರಳು ಮಡಚಿ ಎಣಿಸಿದ. ವಕೀಲರೂ ಎಣಿಸಿದರು. ಎರಡು ವರ್ಷದ ಮೇಲೆ ನಾಲ್ಕು ತಿಂಗಳು. "ಟೈಮ್ ಬಾರ್ ಆಗೇತಲ್ರಿ" ಅಂದರು. ಕಾಕಾನಿಗೆ ಆ ಮಾತು ಅರ್ಥವಾಗದೆ ನನ್ನ ಮುಖ ನೋಡಿದ. ಬಸ್ಸಿನಲ್ಲಿ ಬರುವಾಗ ಗಂಗಾವತಿ ಬರುವವರೆಗೂ ಸುಮ್ಮನಿದ್ದು ಕಡೆಗೆ ಒಂದೇ ಮಾತು ಆಡಿದ: "ಅವ್ರ ಮಾತಿಗೆ ಮರ್ಯಾದಿ ಕೊಟ್ಟು ತಡದೆ. ತಡದದ್ದ ತಪ್ಪಾತೇನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಗ್ರಾಹಕರ ಕಾನೂನನ್ನು ಓದತೊಡಗಿದ್ದು. 

ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಪ್ರತಿವರ್ಷ ಆ ದಿನ ಶಾಲೆ ಕಾಲೇಜುಗಳಲ್ಲಿ ಗ್ರಾಹಕರ ದಿನ ಆಚರಿಸುವುದು ಅದಕ್ಕೇ. ಮೊದಲು ಆ ಕಾಯ್ದೆಯಲ್ಲಿ ದೂರು ಕೊಡಲು ಇಷ್ಟೇ ದಿನ ಎಂಬ ಗಡುವು ಇರಲಿಲ್ಲ. 1993ರ ತಿದ್ದುಪಡಿಯಲ್ಲಿ 24ಎ ಎಂಬ ಕಲಂ ಬಂದು ಸೇರಿತು: ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಹಳೆಯ ಕಾಯ್ದೆ ಹೋಗಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಾಗ ಅದೇ ಮಾತು 69ನೇ ಕಲಮಾಗಿ ಉಳಿಯಿತು. ಅದಕ್ಕೆ ಮುಂಚಿನ 68ನೇ ಕಲಂ ಇನ್ನೊಂದು ಮಾತಿನದು. ಮೇಲ್ಮನವಿ ಹೋಗದಿದ್ದರೆ ಗ್ರಾಹಕರ ಆಯೋಗದ ಆದೇಶವೇ ಅಂತಿಮ ಎಂದು ಅದು ಹೇಳುತ್ತದೆ. ಬಾಗಿಲು ತೆರೆದಿರುವುದು ಎಷ್ಟು ದಿನ, ಮುಚ್ಚಿದ ಮೇಲೆ ಒಳಗೆ ಆದ ತೀರ್ಮಾನಕ್ಕೆ ಎಷ್ಟು ಬಲ ಎಂಬ ಎರಡೂ ಮಾತು ಕಾಯ್ದೆಯಲ್ಲಿ ಅಕ್ಕಪಕ್ಕ ಕೂತಿವೆ.

ಎರಡು ವರ್ಷ ಎಂದರೆ ನಮ್ಮ ಕಡೆ ನಾಲ್ಕು ಬೆಳೆ. ಕುಷ್ಟಗಿ ಸೀಮೆಗೆ ಎರಡು ಮಳೆಗಾಲ. ಲೆಕ್ಕ ಶುರುವಾಗುವುದು ಎಲ್ಲಿಂದ ಎಂಬುದೇ ತೊಡಕಿನ ಪ್ರಶ್ನೆ. ಬೀಜ ಕೊಂಡ ದಿನದಿಂದಲೋ, ತೆನೆ ಒಡೆದು ಬೆರಕೆ ಕಂಡ ದಿನದಿಂದಲೋ ಎಂದು ವಾದಿಸಲು ಜಾಗವಿದೆ. ಅಂಗಡಿಯವರು ಕೈಯೆತ್ತಿದ ದಿನದಿಂದ ಎಂಬ ವಾದ ಮಾತ್ರ ನಿಲ್ಲುವುದು ಕಷ್ಟ. ಇದಕ್ಕೆ ಸುಪ್ರೀಂ ಕೋರ್ಟಿನ 2009ರ ತೀರ್ಪೊಂದನ್ನು ವಕೀಲರು ಮತ್ತೆ ಮತ್ತೆ ತೋರಿಸುತ್ತಾರೆ. ಆಂಧ್ರದ ತಂಬಾಕು ವ್ಯಾಪಾರದ ಸಂಸ್ಥೆಯೊಂದರ ದಾಸ್ತಾನಿಗೆ 1988ರ ಮಾರ್ಚಿನಲ್ಲಿ ಬೆಂಕಿ ಬಿತ್ತು. ವಿಮೆ ಇತ್ತು. ಪತ್ರ ವ್ಯವಹಾರ ವರ್ಷಗಟ್ಟಲೆ ನಡೆದು ದೂರು ದಾಖಲಾದದ್ದು 1997ರಲ್ಲಿ. ವಿಮಾ ಕಂಪನಿ ತಡವಾಗಿ ಉತ್ತರ ಬರೆದ ದಿನದಿಂದ ಎಣಿಸಿ ಎಂದು ಸಂಸ್ಥೆ ಕೇಳಿತು. ಬೆಂಕಿ ಬಿದ್ದ ದಿನವೇ ಕಾರಣ ಹುಟ್ಟಿದ ದಿನ, ನಡುವಿನ ಪತ್ರಗಳು ಗಡುವನ್ನು ಎಳೆಯಲಾರವು ಎಂದು ಕೋರ್ಟು ಹೇಳಿತು. ಅದೇ ವರ್ಷ ಬ್ಯಾಂಕೊಂದರ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎದುರು ಪಕ್ಷದವರು ತಡವಾಗಿದೆ ಎಂದು ತಕರಾರು ತೆಗೆಯದಿದ್ದರೂ ಗಡುವಿನೊಳಗೆ ಬಂದಿದೆಯೇ ಎಂದು ಮೊದಲು ನೋಡುವುದು ಆಯೋಗದ್ದೇ ಕರ್ತವ್ಯ ಎಂಬುದು ಆ ತೀರ್ಪು. ಕಾಕಾನ ವಕೀಲರು ಮೊದಲು ತಾರೀಖು ಕೇಳಿದ್ದೇಕೆ ಎಂದು ನನಗೆ ಗೊತ್ತಾದದ್ದು ಅದನ್ನು ಓದಿದ ಮೇಲೆ.

ಇನ್ನೊಂದು ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗೋವೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಣ್ಣುಮಗಳೊಬ್ಬರಿಗೆ 1993ರಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಹೊಟ್ಟೆನೋವು ಬಿಡಲೇ ಇಲ್ಲ. 2002ರಲ್ಲಿ ಮತ್ತೆ ಆಪರೇಷನ್ ಆದಾಗ ಒಳಗೆ ಬ್ಯಾಂಡೇಜ್ ಬಟ್ಟೆ ಸಿಕ್ಕಿತು. ದೂರು ಕೊಟ್ಟದ್ದು 2004ರಲ್ಲಿ. ಒಳಗೆ ಉಳಿದ ವಸ್ತು ಕಣ್ಣಿಗೆ ಕಾಣುವಂಥದಲ್ಲ, ಗೊತ್ತಾದ ದಿನದಿಂದ ಎಣಿಸಬಹುದು ಎಂಬ ತತ್ವವನ್ನು 2010ರಲ್ಲಿ ಸುಪ್ರೀಂ ಕೋರ್ಟು ಚರ್ಚಿಸಿತು, ಆದರೆ ಅದರ ಫಲ ಆಕೆಗೆ ಸಿಗಲಿಲ್ಲ. ನೋವು ಮೊದಲಿನಿಂದಲೂ ಇತ್ತು, ಆಸ್ಪತ್ರೆಯಲ್ಲೇ ಕೆಲಸ ಮಾಡುವವರು ಒಂಬತ್ತು ವರ್ಷ ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಇದ್ದದ್ದೇಕೆ ಎಂದು ಕೋರ್ಟು ಕೇಳಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ನೋವನ್ನು ಎಷ್ಟು ವರ್ಷ ನುಂಗಿಕೊಂಡಿರುತ್ತಾರೆ ಎಂಬುದನ್ನು ಕಂಡ ನನಗೆ ಆ ಪ್ರಶ್ನೆ ಇಂದಿಗೂ ಕಠಿಣವೆನಿಸುತ್ತದೆ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಪ್ರತಿದಿನ ಮುಂದುವರಿಯುವ ತಪ್ಪಿಗೆ ಗಡುವು ಒಂದೇ ದಿನಕ್ಕೆ ಅಂಟಿಕೊಳ್ಳುವುದಿಲ್ಲ. ವಾಸಯೋಗ್ಯ ಪ್ರಮಾಣಪತ್ರ ತಂದುಕೊಡದ ಮುಂಬೈ ಬಿಲ್ಡರ್ ಒಬ್ಬರ ಪ್ರಕರಣದಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಹೇಳಿತು. ದುಡ್ಡು ತೆಗೆದುಕೊಂಡು ಸೈಟು ಕೊಡದೆ ಸತಾಯಿಸಿದರೂ ಅಷ್ಟೆ, ಸೈಟು ಕೈಗೆ ಬರುವವರೆಗೆ ಕಾರಣ ಜೀವಂತ. ಕೊರೊನಾ ಕಾಲದ ರಿಯಾಯಿತಿಯೂ ಇತ್ತು: 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದಲೇ ಬಿಟ್ಟರು. ಎಲ್ಲಕ್ಕಿಂತ ದೊಡ್ಡದು 69ನೇ ಕಲಮಿನ ಕೊನೆಯ ಸಾಲು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ, ಆ ಕಾರಣವನ್ನು ಬರೆದು ದಾಖಲಿಸಿ ಆಯೋಗ ದೂರನ್ನು ತೆಗೆದುಕೊಳ್ಳಬಹುದು. ಅದಕ್ಕೆ ದೂರಿನ ಜೊತೆಗೇ ಬೇರೆ ಅರ್ಜಿ ಹಾಕಬೇಕು, ತಡವಾದ ಅಷ್ಟೂ ಕಾಲಕ್ಕೆ ವಿವರಣೆ ಕೊಡಬೇಕು, ವಿವರಣೆಗೆ ಕಾಗದವಿರಬೇಕು. ಆಸ್ಪತ್ರೆಯಲ್ಲಿದ್ದೆ ಎಂದರೆ ಡಿಸ್ಚಾರ್ಜ್ ಚೀಟಿ. ಅಂಗಡಿಯವರು ತಡೆಯಿರಿ ಅಂದರು ಎಂದರೆ? ಚಹಾ ಕುಡಿಸಿ ಆಡಿದ ಮಾತಿಗೆ ಕಾಗದವೆಲ್ಲಿಂದ ಬರಬೇಕು?

ಎರಡು ವರ್ಷ ಕಡಿಮೆಯಾಯಿತು, ಹತ್ತು ಮಾಡಿ ಎಂದು ನಾನು ಕೇಳುವುದಿಲ್ಲ. ಬೆರಕೆ ಬೀಜದ ಸಾಕ್ಷಿ ಗದ್ದೆಯಲ್ಲಿ ನಿಂತಿರುವುದೇ ಎರಡು ಮೂರು ವಾರ. ಕೊಯ್ದ ಮೇಲೆ ಹುಲ್ಲಿನ ಬಣಿವೆಯನ್ನು ನೋಡಿ ಯಾವ ವಿಜ್ಞಾನಿಯೂ ಏನೂ ಹೇಳಲಾರ. ಬೇಗ ಬನ್ನಿ ಎನ್ನುವ ಕಾನೂನಿನಲ್ಲಿ ತಪ್ಪಿಲ್ಲ. ಆದರೆ ರೈತ ಯಾಕೆ ಬೇಗ ಬರುವುದಿಲ್ಲ ಎಂಬುದನ್ನು ಆಯೋಗಗಳು ತಿಳಿಯಬೇಕು. ಪೇಟೆಯಲ್ಲಿ ಫ್ರಿಜ್ ಕೊಂಡವನಿಗೂ ಅಂಗಡಿಗೂ ಬಿಲ್ಲು ಕೊಟ್ಟಲ್ಲಿಗೆ ಋಣ ಹರಿಯಿತು. ನಮ್ಮಲ್ಲಿ ಬೀಜ ಮಾರಿದವನೇ ಗೊಬ್ಬರಕ್ಕೆ ಸಾಲ ಕೊಟ್ಟವನು. ಅವನ ಮೇಲೆ ಕೇಸು ಹಾಕಿದ ಮರುದಿನ ಹಳೇ ಬಾಕಿ ಪೂರಾ ಕಟ್ಟು ಅನ್ನುತ್ತಾನೆ, ನಾಳಿನ ಗೊಬ್ಬರ ನಿಲ್ಲುತ್ತದೆ. ಈ ಹೆದರಿಕೆಯಲ್ಲಿ ಕಳೆದ ದಿನಗಳನ್ನು ಆಲಸ್ಯವೆಂದು ಎಣಿಸುವುದು ಅನ್ಯಾಯ. ಮಾರಿದವರ ಭರವಸೆಯನ್ನು ನಂಬಿ ಕಾದದ್ದು ತಕ್ಕ ಕಾರಣ ಎಂದು ಒಪ್ಪಿಕೊಳ್ಳುವ ಅಧಿಕಾರ ಕಾಯ್ದೆಯಲ್ಲಿ ಈಗಾಗಲೇ ಇದೆ. ಅದನ್ನು ಬಳಸುವ ಮನಸ್ಸು ಬೇಕು.

ಬೀಜದ ವಿಷಯಕ್ಕೆ ರೈತರ ಪರವಾಗಿ ಬಂದ ದೊಡ್ಡ ತೀರ್ಪು 2012ರ ಜನವರಿಯದು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣ. ಬೀಜ ಕೊಂಡ ರೈತ ಗ್ರಾಹಕನೇ, ಬೀಜ ಕಾಯ್ದೆ ಬೇರೆ ಇದೆ ಎಂದು ಅವನನ್ನು ಗ್ರಾಹಕರ ಕೋರ್ಟಿನಿಂದ ಹೊರಗಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 1966ರ ಬೀಜ ಕಾಯ್ದೆಯಲ್ಲಿ ತಪ್ಪಿತಸ್ಥರಿಗೆ ದಂಡವಿದೆ, ಬೆಳೆ ಕಳೆದುಕೊಂಡವನ ಕೈಗೆ ಪರಿಹಾರವಿಲ್ಲ. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಯಾಕೆ ಕೊಡಲಿಲ್ಲ ಎಂಬ ವಾದವನ್ನೂ ಕೋರ್ಟು ಒಪ್ಪಲಿಲ್ಲ. ತಂದ ಬೀಜವನ್ನೆಲ್ಲ ಬಿತ್ತುವ ರೈತ ಮುಂದೆ ಕೇಸು ಹಾಕಬೇಕಾದೀತೆಂದು ಒಂದು ಪಾಲು ತೆಗೆದಿಡುತ್ತಾನೆಯೇ? ಆದ್ದರಿಂದಲೇ ಗದ್ದೆಯನ್ನು ನೋಡಿದ ಅಧಿಕಾರಿಯ, ತಜ್ಞರ ವರದಿಗೆ ಬೆಲೆ. ನಮ್ಮಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೆಸಿ, ಪೈರು ನಿಂತಿರುವಾಗಲೇ ಪಂಚನಾಮೆ ಮಾಡಿಸಬೇಕು. ಕಾಕಾ ಇದನ್ನು ಮಾಡಿಸಿರಲಿಲ್ಲ. ಕಂಪನಿಯವರ ಮೊಬೈಲಿನ ನಾಲ್ಕು ಫೋಟೊ ಬಿಟ್ಟರೆ ಆ ಗದ್ದೆಗೆ ಬೇರೆ ಸಾಕ್ಷಿಯಿಲ್ಲ.

ಗಡುವಿನೊಳಗೆ ಹೋಗುವವರಿಗೆ ದಾರಿ ಈಗ ಮೊದಲಿಗಿಂತ ಹತ್ತಿರ. ಬೀಜದ ಕಂಪನಿಗಳಲ್ಲಿ ಬಹಳಷ್ಟು ಹೈದರಾಬಾದಿನವು. ಮೊದಲು ಎದುರು ಪಕ್ಷದವರ ಊರು, ಅವರ ಶಾಖೆ ಇರುವ ಊರು, ಇಲ್ಲವೇ ಕಾರಣ ಹುಟ್ಟಿದ ಊರು ನೋಡಬೇಕಿತ್ತು. 2019ರ ಕಾಯ್ದೆಯಲ್ಲಿ ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು. ಮರಳಿಯವರಿಗೆ ಕೊಪ್ಪಳವೇ ಸಾಕು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ಲಿನ ಮೂಲಕವೂ ಹಾಕಬಹುದು. ಒಂದು ಮಾತು ಮಾತ್ರ ನೆನಪಿರಬೇಕು. 1915 ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದೇ, ಎಷ್ಟೋ ಜಗಳ ಅಲ್ಲಿಯೇ ಹರಿಯುತ್ತವೆ, ಆದರೆ ಆ ಕರೆ ಆಯೋಗದಲ್ಲಿ ದೂರು ದಾಖಲಿಸಿದಂತಲ್ಲ. ವಕೀಲರ ನೋಟಿಸೂ ಅಷ್ಟೆ. ಎರಡು ವರ್ಷದ ಲೆಕ್ಕ ನಿಲ್ಲುವುದು ದೂರು ದಾಖಲಾದ ದಿನವೇ.

ಕಂಪನಿಯವರಿಗೂ ಗಡುವಿದೆ ಎಂದು ತಿಳಿದಾಗ ನನಗೆ ಸಮಾಧಾನವಾಯಿತು. ದೂರಿನ ಪ್ರತಿ ಕೈಗೆ ಸಿಕ್ಕ 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಬಡವನಿಗೆ ತಕ್ಕ ಕಾರಣವಿಲ್ಲದೆ ಎರಡು ವರ್ಷದ ಮೇಲೆ ದಿನವಿಲ್ಲವಾದರೆ ಬಲಾಢ್ಯನಿಗೆ ನಲವತ್ತೈದರ ಮೇಲೆ ದಿನವಿಲ್ಲ.

ಇನ್ನು ಗೆದ್ದವರ ಕಥೆ. ಜಿಲ್ಲಾ ಆಯೋಗ ಸಾಧಾರಣವಾಗಿ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆದೇಶದ ದಿನದಿಂದ 45 ದಿನದೊಳಗೆ ಸೋತವರು ರಾಜ್ಯ ಆಯೋಗಕ್ಕೆ ಹೋಗಬಹುದು. ಹಣ ಕೊಡಬೇಕಾದವರು ಮೇಲ್ಮನವಿ ಹಾಕಿದರೆ ಆ ಹಣದ ಅರ್ಧವನ್ನು ಮೊದಲೇ ಕಟ್ಟಬೇಕು. ಹೋಗದಿದ್ದರೆ ಆದೇಶ ಅಂತಿಮ. ಅಂತಿಮ ಎಂಬುದು ಓದಲು ಚಂದದ ಮಾತು. ಅದು ಬರುವವರೆಗಿನ ದಾರಿ ಎಷ್ಟುದ್ದ ಎಂಬುದಕ್ಕೆ ಬೆಳಗಾವಿಯ ಕಬ್ಬಿಣದ ಕಾರ್ಖಾನೆಯೊಂದರ ಪ್ರಕರಣ ನೋಡಬೇಕು. ವಿದ್ಯುತ್ ಸಂಪರ್ಕಕ್ಕೆ ಹಣ ಕಟ್ಟಿದ್ದು 1991ರಲ್ಲಿ, ಸಂಪರ್ಕ ಸಿಕ್ಕಿದ್ದು 1992ರ ಕೊನೆಯಲ್ಲಿ. ಆ ತಡದ ಮೇಲಿನ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದದ್ದು ಇಷ್ಟೇ: ಕಂಪನಿಯೂ ದೂರು ಕೊಡಬಹುದಾದ 'ವ್ಯಕ್ತಿ'. ಉಳಿದದ್ದನ್ನು ವಿಚಾರಿಸಿ ಎಂದು ಪ್ರಕರಣ ಮರಳಿ ಕೆಳಗಿನ ವೇದಿಕೆಗೆ ಹೋಯಿತು.

ಅಂತಿಮ ಆದೇಶ ಕೈಗೆ ಬಂದ ಮೇಲೂ ದುಡ್ಡು ತಾನಾಗಿ ಮನೆಗೆ ಬರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು. ಇಲ್ಲಿ ಹಳೆಯ ಕಾಯ್ದೆಯಲ್ಲಿ ಒಂದೇ ಒಂದು ಪದದ ತಪ್ಪು ಹದಿನೇಳು ವರ್ಷ ಕಾಡಿತು. 1986ರ ಮೂಲದಲ್ಲಿ ಪ್ರತಿಯೊಂದು ಆದೇಶವನ್ನೂ ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಬಹುದಿತ್ತು. 2002ರ ತಿದ್ದುಪಡಿ 2003ರ ಮಾರ್ಚ್ 15ರಿಂದ ಜಾರಿಗೆ ಬಂದಾಗ ಅಮಲ್ಜಾರಿಯ ಕಲಮಿನಲ್ಲಿ ಮಧ್ಯಂತರ ಆದೇಶ ಎಂಬ ಮಾತು ಕೂತಿತು. ಗೆದ್ದವರು ಅಂತಿಮ ಆದೇಶ ಹಿಡಿದು ಹೋದರೆ, ಕಲಮಿನಲ್ಲಿರುವುದು ಮಧ್ಯಂತರ ಆದೇಶದ ಮಾತು ತಾನೇ ಎಂಬ ತಕರಾರು. 2019ರ ಕಾಯ್ದೆಯ 71ನೇ ಕಲಂ ಇದನ್ನು ಸರಿಪಡಿಸಿತು. ನಡುವಿನ ವರ್ಷಗಳ ಆದೇಶಗಳ ಗತಿಯೇನು ಎಂಬುದಕ್ಕೆ ಉತ್ತರ ಬಂದದ್ದು 2025ರ ಆಗಸ್ಟ್‌ನಲ್ಲಿ. ಪುಣೆಯ ಗೃಹ ಸಂಘವೊಂದರ ಪ್ರಕರಣದಲ್ಲಿ, ಹಳೆಯ ಕಾಯ್ದೆಯ ಆ ಕಲಮಿನಲ್ಲಿ ಯಾವುದೇ ಆದೇಶ ಎಂದೇ ಓದಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ ಮೂರು ವರ್ಷದ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ.

ಇದನ್ನೆಲ್ಲ ಬರೆದುಕೊಂಡು ಹೋಗಿ ಕಾಕಾನಿಗೆ ಹೇಳಿದೆ. ಕೇಳಿದ. ಸಾಮಾನ್ಯ ಕಾಲಮಿತಿ ಕಾನೂನಿನಲ್ಲಿ ಕರಾರು ಮುರಿದ ದಾವೆಗೆ ಮೂರು ವರ್ಷವಿದೆ, ಸಿವಿಲ್ ಕೋರ್ಟಿಗೆ ಹೋಗಬಹುದಿತ್ತು ಎಂದಾಗ ಕೈಯಾಡಿಸಿದ. ಆ ಮೂರನೆಯ ವರ್ಷವೂ ಆಗಲೇ ಕಳೆದಿತ್ತು.

ಈ ಮುಂಗಾರಿಗೆ ಮುಂಚೆ ಬೀಜ ತಂದ ದಿನ ನಾನು ಊರಲ್ಲೇ ಇದ್ದೆ. ಚೀಲವನ್ನು ಪಡಸಾಲೆಯ ಕಂಬಕ್ಕೆ ಆನಿಸಿ ಕಾಕಾ ತಮ್ಮನ ಮಗಳನ್ನು ಕರೆದ. ಅವಳು ಹತ್ತನೆಯ ತರಗತಿ. ಬಿಲ್ಲನ್ನು ನೆಲದ ಮೇಲೆ ಹರವಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಹರಳು ಇಟ್ಟ. ಪಕ್ಕದಲ್ಲಿ ಲೇಬಲ್ ಇಟ್ಟ. ಅವಳು ಬಗ್ಗಿ ಮೊಬೈಲಿನಲ್ಲಿ ಫೋಟೊ ತೆಗೆದು ನಾನಿರುವ ಮನೆಯ ಗುಂಪಿಗೆ ಕಳಿಸಿದಳು. ಕಾಕಾನಿಗೆ ಸಮಾಧಾನವಾಗಲಿಲ್ಲ. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಮುಖ ತಂದು, "ತಾರೀಖು ಬಂದೈತೇನವ್ವ, ದೊಡ್ಡದು ಮಾಡಿ ತೋರ್ಸು" ಅಂದ.